ನಿಘಂಟು ತೆಳ್ಳಗಾಗುವ ಲೋಕಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಮುಂದೊಂದು ಕಾಲದ ಕೆಟ್ಟ ಲೋಕವನ್ನು ಕಟ್ಟಿಕೊಡುವ ಕಾದಂಬರಿಗಳಲ್ಲಿ ಮಾತು ಮತ್ತು ಬರಹ ಹೇಗೆ ಕುಗ್ಗುತ್ತವೆ ಎಂಬ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಆರಿಸಿಕೊಂಡಿದ್ದೇವೆ. ಕೇಳಿದವರಲ್ಲಿ ಕತೆ ಬರೆಯುವವರು, ಅನುವಾದ ಮಾಡುವವರು, ಪಾಠ ಹೇಳುವವರೇ ಹೆಚ್ಚು. ಹಾಗಾಗಿ ಉತ್ತರಗಳೂ ಅವರ ಕೆಲಸಕ್ಕೆ ಒದಗುವಂತೆ ಇವೆ.

ಪ್ರಶ್ನೆ: ಆರ್ವೆಲ್ ಅವರ ‘ನೈನ್‌ಟೀನ್ ಎಯ್ಟಿ ಫೋರ್’ನಲ್ಲಿ ಬರುವ ನ್ಯೂಸ್ಪೀಕ್ ಎಂದರೆ ನಿಘಂಟಿನಿಂದ ಪದ ತೆಗೆಯುತ್ತಾ ಹೋಗುವುದು, ಅಷ್ಟೇ ತಾನೆ? (ಶಿವಮೊಗ್ಗ)

ನ್ಯೂಸ್ಪೀಕ್ ಎಂದರೆ ಓಷಿಯಾನಿಯಾ ಎಂಬ ಕಲ್ಪಿತ ದೇಶವನ್ನು ಆಳುವ ಪಕ್ಷ, ಜನರ ಯೋಚನೆಯನ್ನು ಹಿಡಿತದಲ್ಲಿಡಲು ಕಟ್ಟುತ್ತಿರುವ ಭಾಷೆ. ಪದ ತೆಗೆಯುವುದು ಅದರ ಮೂರು ಕೆಲಸಗಳಲ್ಲಿ ಒಂದು. 1949ರ ಜೂನ್‌ನಲ್ಲಿ ಬಂದ ಈ ಕಾದಂಬರಿಯ ಕೊನೆಗೊಂದು ಅನುಬಂಧವಿದೆ. ನ್ಯೂಸ್ಪೀಕಿನ ವ್ಯಾಕರಣವೆಲ್ಲ ಅಲ್ಲಿ ಸಿಗುತ್ತದೆ.

ಮೊದಲ ಕೆಲಸ ನಿಮಗೆ ಗೊತ್ತಿರುವುದೇ. ‘ಗುಡ್’ ಒಂದನ್ನು ಉಳಿಸಿಕೊಂಡರೆ ‘ಬ್ಯಾಡ್’ ಬೇಕಿಲ್ಲ, ‘ಅನ್‌ಗುಡ್’ ಸಾಕು. ‘ಎಕ್ಸಲೆಂಟ್’, ‘ಸ್ಪ್ಲೆಂಡಿಡ್’ ಬೇಕಿಲ್ಲ, ‘ಪ್ಲಸ್‌ಗುಡ್’ ಇದೆ. ಅದಕ್ಕೂ ಮೇಲೆ ‘ಡಬಲ್‌ಪ್ಲಸ್‌ಗುಡ್’. ನಾಮಪದಕ್ಕೂ ಕ್ರಿಯಾಪದಕ್ಕೂ ಒಂದೇ ರೂಪ: ‘ನೈಫ್’ ಎಂದರೆ ಚಾಕುವೂ ಹೌದು, ಕೊಯ್ಯುವುದೂ ಹೌದು, ಆದ್ದರಿಂದ ‘ಕಟ್’ ಹೋಯಿತು. ಭೂತಕಾಲ, ಬಹುವಚನಗಳಲ್ಲಿ ಅಪವಾದವೇ ಇಲ್ಲ: ‘ಥಿಂಕ್’ಗೆ ‘ಥಿಂಕ್ಡ್’, ‘ಮ್ಯಾನ್’ಗೆ ‘ಮ್ಯಾನ್ಸ್’.

ಎರಡನೆಯ ಕೆಲಸ ಇದಕ್ಕಿಂತ ನಾಜೂಕಿನದು: ಪದವನ್ನು ಹಾಗೇ ಬಿಟ್ಟು ಒಳಗಿನ ಅರ್ಥ ಮಾತ್ರ ತೆಗೆಯುವುದು. ‘ಫ್ರೀ’ ಎಂಬ ಪದ ನ್ಯೂಸ್ಪೀಕಿನಲ್ಲಿ ಉಳಿದಿದೆ. ಈ ನಾಯಿಗೆ ಹೇನಿಲ್ಲ, ಈ ಹೊಲದಲ್ಲಿ ಕಳೆಯಿಲ್ಲ ಎನ್ನಲು ಅದನ್ನು ಬಳಸಬಹುದು. ಮನುಷ್ಯ ಸ್ವತಂತ್ರ ಎನ್ನಲು ಅದೇ ಪದ ಬಳಸಿದರೆ ಕೇಳಿದವನಿಗೆ ಏನೂ ಹೊಳೆಯುವುದಿಲ್ಲ. ನಿಷೇಧಿಸಿದ ಪದವನ್ನು ಗುಟ್ಟಾಗಿಯಾದರೂ ಆಡಬಹುದು. ಒಳಗೆ ಟೊಳ್ಳಾದ ಪದವನ್ನು ಆಡಿ ಏನು ಮಾಡುವುದು?

ಮೂರನೆಯದು ಸದ್ದಿನ ಕೆಲಸ, ವಿಮರ್ಶಕರೂ ಹಲವು ಸಲ ದಾಟಿಬಿಡುವ ಭಾಗ. ರಾಜಕೀಯದ ಪದಗಳು ಚಿಕ್ಕದಾಗಿ, ಗಟ್ಟಿಯಾಗಿ, ಒಂದೇ ಉಸಿರಿಗೆ ಹೊರಬರುವಂತಿರಬೇಕು. ನಾಲಿಗೆ ಓಡಬೇಕು, ಮನಸ್ಸು ಜೊತೆಗೆ ಓಡಬಾರದು. ಮಿನಿಸ್ಟ್ರಿ ಆಫ್ ಟ್ರೂತ್ ‘ಮಿನಿಟ್ರೂ’ ಆಗುವುದು ಇದಕ್ಕೇ. ಇದಕ್ಕೆ ಆರ್ವೆಲ್ ಕೊಡುವ ನಿಜಲೋಕದ ಉದಾಹರಣೆ ‘ಕಾಮಿಂಟರ್ನ್’: ಕಮ್ಯುನಿಸ್ಟ್ ಇಂಟರ್‌ನ್ಯಾಷನಲ್ ಎಂದು ಬಿಡಿಸಿ ಹೇಳಿದರೆ ಕೆಂಪು ಬಾವುಟ, ಪ್ಯಾರಿಸ್ ಕಮ್ಯೂನ್, ಜನರ ಸೋದರಭಾವ ಎಲ್ಲ ಕಣ್ಣೆದುರು ಬರುತ್ತವೆ, ಕಾಮಿಂಟರ್ನ್ ಎಂದರೆ ಒಂದು ಸಂಸ್ಥೆ, ಅಷ್ಟೇ. ನಮ್ಮ ಪತ್ರಿಕೆಗಳ ‘ಗ್ರಾಪಂ’, ‘ಜಿಪಂ’, ‘ಕಸಾಪ’ ತಲೆಬರಹದ ಜಾಗ ಉಳಿಸಲು ಹುಟ್ಟಿದವು, ಅವುಗಳಲ್ಲಿ ಪಿತೂರಿ ಏನಿಲ್ಲ. ಆದರೆ ‘ಕಸಾಪ’ ಎಂದು ಓದುವಾಗ ‘ಸಾಹಿತ್ಯ’ ಎಂಬ ಪದ ನಿಮ್ಮ ಕಿವಿಗೆ ಬಿತ್ತೇ ಎಂದು ಒಮ್ಮೆ ಗಮನಿಸಿ, ಆರ್ವೆಲ್ ಹೇಳುತ್ತಿರುವುದು ತಿಳಿಯುತ್ತದೆ.

ಇನ್ನೊಂದು ಮಾತು. ಕಾದಂಬರಿಯಲ್ಲಿ ಎಲ್ಲರೂ ನ್ಯೂಸ್ಪೀಕ್ ಆಡುತ್ತಾರೆ ಎಂದು ಹಲವರು ಬರೆಯುತ್ತಾರೆ. ಹಾಗಿಲ್ಲ. 1984ರಲ್ಲಿ ಬಳಕೆಯಲ್ಲಿರುವುದು ನಿಘಂಟಿನ 9 ಮತ್ತು 10ನೇ ಆವೃತ್ತಿಗಳು. ಸೈಮ್ ಎಂಬ ಪಾತ್ರ ಕೂತು ಕತ್ತರಿಸುತ್ತಿರುವುದು 11ನೆಯದನ್ನು. ಹಳೆಯ ಭಾಷೆ ಪೂರ್ತಿ ಹೋಗುವುದು 2050ರ ಹೊತ್ತಿಗೆ ಎಂಬ ಅಂದಾಜು. ಆವರೆಗೆ ಪತ್ರಿಕೆಯ ಅಗ್ರಲೇಖನವನ್ನು ನ್ಯೂಸ್ಪೀಕಿನಲ್ಲಿ ಬರೆಯಲು ಪಳಗಿದ ಕೈಯೇ ಬೇಕು.

ಪ್ರಶ್ನೆ: ಅದೇ ಕಾದಂಬರಿಯ ಮೊದಲ ಅಧ್ಯಾಯದ ದಿನಚರಿ ಭಾಗವನ್ನು ಅಭ್ಯಾಸಕ್ಕೆಂದು ಅನುವಾದಿಸುತ್ತಿದ್ದೇನೆ. ವಿನ್‌ಸ್ಟನ್‌ನ ಬರಹ ನಡುನಡುವೆ ಕೆಡುತ್ತದೆ. ಕನ್ನಡದಲ್ಲಿ ಅದನ್ನು ತೋರಿಸುವುದು ಹೇಗೆ? (ಉಡುಪಿ)

ಮೊದಲು ಅಲ್ಲಿ ಆಗುವುದೇನು ಎಂದು ನೋಡಿ. ಕಾದಂಬರಿಯ ನಾಯಕ ವಿನ್‌ಸ್ಟನ್‌ಗೆ ಕೈಬರಹದ ಅಭ್ಯಾಸ ತಪ್ಪಿದೆ. ಕಚೇರಿಯಲ್ಲಿ ಎಲ್ಲವನ್ನೂ ‘ಸ್ಪೀಕ್‌ರೈಟ್’ ಯಂತ್ರಕ್ಕೆ ಬಾಯಲ್ಲಿ ಹೇಳಿ ಬರೆಸುವುದು ರೂಢಿ. ಈಗ ಗುಜರಿ ಅಂಗಡಿಯಲ್ಲಿ ಎರಡೂವರೆ ಡಾಲರಿಗೆ ಕೊಂಡ ಹಳೆಯ ನೋಟುಬುಕ್ಕಿನ ಕೆನೆಬಣ್ಣದ ಹಾಳೆಯ ಮೇಲೆ, ನಿಬ್ ಪೆನ್ನಿನಿಂದ, 1984ರ ಏಪ್ರಿಲ್ 4 ಎಂದು ದಿನಾಂಕ ಹಾಕಿ ಶುರುಮಾಡುತ್ತಾನೆ. ಅಕ್ಷರ ಸಣ್ಣದು, ಮಕ್ಕಳ ಕೈಯದರಂತೆ ಇದೆ. ಸಾಲು ಮೇಲೆ ಕೆಳಗೆ ಹರಿದಾಡುತ್ತದೆ. ಮೊದಲು ದೊಡ್ಡಕ್ಷರಗಳು ಕಳಚುತ್ತವೆ, ಕೊನೆಗೆ ಪೂರ್ಣವಿರಾಮವೂ ಕಳಚುತ್ತದೆ.

ಕನ್ನಡದಲ್ಲಿ ದೊಡ್ಡಕ್ಷರವೇ ಇಲ್ಲ. ಹಾಗೆಂದು ಕಾಗುಣಿತ ಕೆಡಿಸಬೇಡಿ. ವಿನ್‌ಸ್ಟನ್ ಓದುಬಲ್ಲವನು, ಅಕ್ಷರ ಬಾರದವನಲ್ಲ. ಅವನಲ್ಲಿ ಕುಸಿಯುತ್ತಿರುವುದು ವಾಕ್ಯದ ಕಟ್ಟು. ಮೊದಲ ಐದಾರು ವಾಕ್ಯಗಳು ಸರಿಯಾಗಿರಲಿ. ಆಮೇಲೆ ಅಲ್ಪವಿರಾಮ ಬಿಡಿ, ನಂತರ ಪೂರ್ಣವಿರಾಮ. ಕೊನೆಗೆ ಕ್ರಿಯಾಪದ ವಾಕ್ಯದ ತುದಿಗೆ ಬಂದು ನಿಲ್ಲುವ ನಮ್ಮ ಕ್ರಮವೂ ಸಡಿಲವಾಗಿ, ‘ಮತ್ತೆ’, ‘ಆಮೇಲೆ’ಗಳಿಂದ ಒಂದಕ್ಕೊಂದು ಅಂಟಿಕೊಂಡು ಓಡಲಿ. ಮೂಲದಲ್ಲಿ ಕೆಡುಕು ಹೆಜ್ಜೆ ಹೆಜ್ಜೆಯಾಗಿ ಬರುತ್ತದೆ. ಅನುವಾದದಲ್ಲಿ ಮೊದಲ ಸಾಲಿನಿಂದಲೇ ಕೆಡಿಸಿದರೆ ಆ ಇಳಿಜಾರು ಓದುಗರಿಗೆ ಕಾಣುವುದಿಲ್ಲ.

ಪ್ರಶ್ನೆ: ಭಾಷೆ ಕತ್ತರಿಸುವ ಸರ್ಕಾರವೊಂದರ ಬಗ್ಗೆ ನೀಳ್ಗತೆ ಬರೆಯುತ್ತಿದ್ದೇನೆ. ‘ಕೆಟ್ಟ’ ಬದಲು ‘ಒಳ್ಳೆಯದಲ್ಲದ’ ಎಂಬಂಥ ಪದ ಕಟ್ಟಿದರೂ ಸಪ್ಪೆಯಾಗುತ್ತಿದೆ. ಎಲ್ಲಿ ತಪ್ಪಿದೆ? (ಹುಬ್ಬಳ್ಳಿ)

ಕತ್ತರಿ ಆಡಿಸಿದ ಜಾಗ ತಪ್ಪಿದೆ. ಇಂಗ್ಲಿಷಿನ ‘ಅನ್’ ಚಿಕ್ಕದು, ಪದದ ಮುಂದೆ ಕೂತುಬಿಡುತ್ತದೆ. ಕನ್ನಡದಲ್ಲಿ ಎರಡಕ್ಷರದ ‘ಕೆಟ್ಟ’ ಹೋಗಿ ಆರಕ್ಷರದ ‘ಒಳ್ಳೆಯದಲ್ಲದ’ ಬಂತು. ಮಾತನ್ನು ಮೊಟಕು ಮಾಡಲು ಹೊರಟ ಸರ್ಕಾರ ಉದ್ದದ ಪದ ತಂದುಕೊಳ್ಳುವುದಿಲ್ಲ. ‘ಅ’ ಸೇರಿಸಿದರೂ ಹೊಸತನ ಬಾರದು. ಅನ್ಯಾಯ, ಅಸತ್ಯಗಳನ್ನು ದಿನವೂ ಆಡುತ್ತಲೇ ಇದ್ದೇವೆ.

ಕನ್ನಡದ ಜೀವ ಪದದ ಕೊನೆಯಲ್ಲಿದೆ, ಇನ್ನು ಕೆಲವು ಪುಟ್ಟ ಕ್ರಿಯಾರೂಪಗಳಲ್ಲಿದೆ. ನಮ್ಮ ನಿಷೇಧವನ್ನೇ ನೋಡಿ. ‘ಇಲ್ಲ’ ಎಂದರೆ ವಸ್ತು ಇರುವುದಿಲ್ಲ. ‘ಅಲ್ಲ’ ಎಂದರೆ ಇದು ಅದಾಗಿಲ್ಲ. ‘ಬಾರದು’, ‘ಕೂಡದು’ ಕಟ್ಟಳೆಯ ಮಾತು. ‘ಬೇಡ’ ಎಂದರೆ ಬಯಸದಿರುವುದು. ‘ಒಲ್ಲೆ’ ನಿಮ್ಮ ಕಡೆ ದಿನವೂ ಕೇಳುವ ಮಾತು. ಮನಸ್ಸಿಲ್ಲ, ಮಾಡುವುದಿಲ್ಲ ಎಂದು ಎದುರು ನಿಂತು ಹೇಳುವುದು. ಇಂಗ್ಲಿಷಿಗೆ ಇಷ್ಟು ಬಾಗಿಲುಗಳಿಲ್ಲ. ಈಗ ನಿಮ್ಮ ಸರ್ಕಾರ ‘ಬೇಡ’ ಮತ್ತು ‘ಒಲ್ಲೆ’ ಎರಡನ್ನು ಮಾತ್ರ ಕಿತ್ತುಕೊಳ್ಳಲಿ. ‘ಇಲ್ಲ’, ‘ಅಲ್ಲ’, ‘ಕೂಡದು’ ಇರಲಿ. ಆ ಊರಿನ ಜನ ವಸ್ತುಸ್ಥಿತಿ ಹೇಳಬಲ್ಲರು, ಕಟ್ಟಳೆ ಹೇಳಬಲ್ಲರು, ತಮಗೆ ಮನಸ್ಸಿಲ್ಲ ಎಂದು ಮಾತ್ರ ಹೇಳಲಾರರು.

ಒಂದು ಚಿಕ್ಕ ದೃಶ್ಯ ಬರೆದು ನೋಡಿ. ಮಗು ತಟ್ಟೆ ದೂಡಿ ‘ಅನ್ನ ಇಲ್ಲ’ ಎನ್ನುತ್ತದೆ. ತಾಯಿ ತಟ್ಟೆ ನೋಡಿ ‘ಇದೆಯಲ್ಲ ಕಂದಾ’ ಎನ್ನುತ್ತಾಳೆ. ಮಗು ಇನ್ನೂ ಜೋರಾಗಿ ‘ಅನ್ನ ಇಲ್ಲ’ ಎನ್ನುತ್ತದೆ. ಹಳೆಯ ಮಾತು ಗೊತ್ತಿರುವ ಅಜ್ಜಿ ಬಾಗಿಲ ಕಡೆ ನೋಡಿ ಸುಮ್ಮನಾಗುತ್ತಾಳೆ. ಇಷ್ಟರಲ್ಲಿ ನಿಯಮ ಓದುಗರಿಗೆ ತಿಳಿದುಹೋಗಿರುತ್ತದೆ.

ಇಂಥದೇ ಇನ್ನೊಂದು ಜಾಗ ‘ಬಂದಿದ್ದರೆ’, ‘ಮಾಡಿದ್ದರೆ’ ಎಂಬ ರೂಪ. ‘ಬಂದರೆ’ ಇರಲಿ, ನಾಳೆಯ ಕೆಲಸಕ್ಕೆ ಬೇಕು. ‘ಬಂದಿದ್ದರೆ’ ಹೋಯಿತೆನ್ನಿ, ನಡೆದದ್ದು ಬೇರೆ ರೀತಿ ನಡೆಯಬಹುದಿತ್ತು ಎಂದು ಊಹಿಸುವ ದಾರಿಯೇ ಮುಚ್ಚಿತು. ‘ಯಾಕೆ’ ತೆಗೆಯುವುದು ಎಲ್ಲರಿಗೂ ಹೊಳೆಯುವ ಉಪಾಯ, ಅದನ್ನು ಬಿಟ್ಟುಬಿಡಿ.

ಬರೆಯುವ ಮುನ್ನ ಎರಡು ಕಾಲಂ ಪಟ್ಟಿ ಮಾಡಿಕೊಳ್ಳಿ: ಎಡಕ್ಕೆ ತೆಗೆದ ರೂಪ, ಬಲಕ್ಕೆ ಅದರ ಜಾಗದಲ್ಲಿ ಜನ ಏನು ಹೇಳಿ ಒದ್ದಾಡುತ್ತಾರೆ ಎಂಬುದು. ಬಲಗಡೆಯದೇ ನಿಮ್ಮ ಕತೆ. ಐದಾರು ಸಾವಿರ ಪದಗಳ ನೀಳ್ಗತೆ ಮೂರಕ್ಕಿಂತ ಹೆಚ್ಚು ನಿಯಮ ಹೊರಲಾರದು. ಪ್ರತಿ ನಿಯಮ ಮೂರು ಸಲವಾದರೂ ಬರಲಿ: ಮೊದಲು ಸಂದರ್ಭದಿಂದಲೇ ಅರ್ಥವಾಗುವ ಕಡೆ, ಮತ್ತೆ ಸಣ್ಣ ತಪ್ಪುತಿಳಿವಳಿಕೆಯಾಗುವ ಕಡೆ, ಕೊನೆಗೆ ಎದೆಗೆ ಚುಚ್ಚುವ ಕಡೆ. ಹೊಸಬರ ಕತೆಗಳಲ್ಲಿ ಪದೇ ಪದೇ ಕಾಣುವ ದೋಷವೆಂದರೆ, ಪಾತ್ರಗಳು ಕತ್ತರಿಸಿದ ಭಾಷೆ ಆಡುತ್ತಿರುವಾಗ ನಿರೂಪಕ ಮಾತ್ರ ತುಂಬುಗನ್ನಡದಲ್ಲಿ ‘ಅವಳಿಗೆ ಅದು ಬೇಡವಾಗಿತ್ತು’ ಎಂದುಬಿಡುವುದು. ನಿರೂಪಕ ಯಾರು, ಯಾವ ಕಾಲದಲ್ಲಿ ಕೂತು ಹೇಳುತ್ತಿದ್ದಾನೆ ಎಂದು ಮೊದಲೇ ತೀರ್ಮಾನಿಸಿಕೊಳ್ಳಿ.

ಪ್ರಶ್ನೆ: ಪದ ಹೋದರೆ ಯೋಚನೆಯೂ ಹೋಗುತ್ತದೆ ಎಂಬುದು ನಿಜವೇ? (ಮೈಸೂರು)

ಅಷ್ಟು ಸುಲಭವಾಗಿ ಹೋಗುವುದಿಲ್ಲ. ಅದಕ್ಕೆ ಸಾಕ್ಷಿ ಕನ್ನಡವೇ. ಮಾಡೆನು, ಬಾರೆನು, ನುಡಿಯೆನು ಎಂಬ ಹಳೆಯ ನಿಷೇಧರೂಪ ವಚನಗಳಲ್ಲಿ ಧಾರಾಳವಾಗಿದೆ. ಒಂದೇ ಪದದಲ್ಲಿ ‘ನಾನು’ ಮತ್ತು ‘ಇಲ್ಲ’ ಎರಡೂ ಅಡಗಿದ್ದವು, ಕಾಲದ ಹಂಗಿರಲಿಲ್ಲ. ಇಂದಿನ ಆಡುಮಾತಿನಲ್ಲಿ ಒಲ್ಲೆ, ಕಾಣೆ, ಅರಿಯೆ ಎಂಬ ಕೆಲವು ಉಳಿದಿವೆ. ಹಾಗೆಂದು ಕನ್ನಡಿಗರು ನಿರಾಕರಿಸುವುದನ್ನು ಮರೆಯಲಿಲ್ಲ. ‘ಮಾಡುವುದಿಲ್ಲ’ ಎಂದು ಬೇರೆ ದಾರಿ ಕಟ್ಟಿಕೊಂಡರು. ಒಂದು ರೂಪ ಬಿದ್ದರೆ ಜನ ಇನ್ನೊಂದನ್ನು ಎತ್ತಿ ನಿಲ್ಲಿಸುತ್ತಾರೆ.

ಇದು ಆರ್ವೆಲ್‌ಗೂ ಗೊತ್ತಿತ್ತು. ಬೇರೆ ರೀತಿಯ ಯೋಚನೆ ಅಸಾಧ್ಯವಾಗುತ್ತದೆ ಎನ್ನುವಾಗ, ಯೋಚನೆ ಪದಗಳನ್ನು ಅವಲಂಬಿಸಿರುವ ಮಟ್ಟಿಗಾದರೂ ಎಂಬ ಎಚ್ಚರದ ಮಾತನ್ನು ಅನುಬಂಧದಲ್ಲಿ ಸೇರಿಸುತ್ತಾರೆ. ಆದ್ದರಿಂದಲೇ ಆ ಲೋಕದಲ್ಲಿ ನಿಘಂಟಿನ ಪಕ್ಕದಲ್ಲೇ ಮನೆಯೊಳಗೂ ಕಣ್ಣಿಡುವ ಟೆಲಿಸ್ಕ್ರೀನ್ ಇದೆ, ತಪ್ಪು ಯೋಚನೆಗೇ ಹಿಡಿದೊಯ್ಯುವ ಥಾಟ್ ಪೊಲೀಸ್ ಇದ್ದಾರೆ, ನಿದ್ದೆಯಲ್ಲಿ ಕನವರಿಸಿದ ಅಪ್ಪನನ್ನು ಹಿಡಿದುಕೊಡುವ ಏಳು ವರ್ಷದ ಮಗಳಿದ್ದಾಳೆ. ಹೊಸ ಮಾತು ಹುಟ್ಟಿದಲ್ಲೇ ಹಿಸುಕಲು ಇವರೆಲ್ಲ ಬೇಕು. ಕತ್ತರಿ ಇದ್ದು ಕಾವಲಿಲ್ಲದ ಕತೆ ನಂಬಿಕೆ ಹುಟ್ಟಿಸುವುದಿಲ್ಲ.

ಪದ ಕಡಿಮೆ ಇರುವುದೇ ಕೇಡು ಎಂದೂ ಅಲ್ಲ. ಸಿ. ಕೆ. ಆಗ್ಡನ್ 1930ರಲ್ಲಿ ಮುಂದಿಟ್ಟ ‘ಬೇಸಿಕ್ ಇಂಗ್ಲಿಷ್’ನಲ್ಲಿ 850 ಪದಗಳಷ್ಟೇ ಇದ್ದವು, ಪರಭಾಷಿಕರಿಗೆ ಕಲಿಕೆ ಹಗುರಾಗಲಿ ಎಂಬುದು ಉದ್ದೇಶ. ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಆರ್ವೆಲ್, 1941ರಿಂದ 43ರವರೆಗೆ ಬಿಬಿಸಿಯಲ್ಲಿ ಭಾರತಕ್ಕೆಂದು ಕಾರ್ಯಕ್ರಮ ಮಾಡುತ್ತಿದ್ದ ದಿನಗಳಲ್ಲಿ ಅದರ ಬಗ್ಗೆ ಆಸಕ್ತಿ ತಾಳಿದ್ದವರೇ.

ಪ್ರಶ್ನೆ: ಬ್ರಾಡ್‌ಬರಿ ಅವರ ‘ಫ್ಯಾರನ್‌ಹೀಟ್ 451’ರಲ್ಲಿ ಸರ್ಕಾರ ಪುಸ್ತಕ ಸುಟ್ಟಿದ್ದರಿಂದ ಓದು ಸತ್ತಿತು ಎಂದು ಪಾಠ ಮಾಡುತ್ತೇನೆ. ವಿದ್ಯಾರ್ಥಿನಿಯೊಬ್ಬಳು ಒಪ್ಪಲಿಲ್ಲ. (ಮಂಡ್ಯ)

ಅವಳು ಸರಿಯಾಗಿ ಓದಿದ್ದಾಳೆ. 1953ರ ಈ ಕಾದಂಬರಿಯಲ್ಲಿ ಬೆಂಕಿ ಬರುವುದು ಕಟ್ಟಕಡೆಗೆ. ಪುಸ್ತಕ ಸುಡುವುದೇ ಕೆಲಸವಾದ ಅಗ್ನಿಶಾಮಕ ದಳದ ಕ್ಯಾಪ್ಟನ್ ಬೀಟಿ ತನ್ನ ಕೈಕೆಳಗಿನ ಮಾಂಟಾಗ್‌ಗೆ ಹೇಳುವ ಕ್ರಮವನ್ನು ಬೋರ್ಡಿನ ಮೇಲೆ ಬರೆದು ತೋರಿಸಿ. ದೊಡ್ಡ ಕೃತಿಗಳನ್ನು ಮೊದಲು 15 ನಿಮಿಷದ ರೇಡಿಯೊ ಕಾರ್ಯಕ್ರಮಕ್ಕೆ ಇಳಿಸಿದರು. ಮತ್ತೆ ಕತ್ತರಿಸಿ 2 ನಿಮಿಷದ ಅಂಕಣಕ್ಕೆ. ಕೊನೆಗೆ ನಿಘಂಟಿನಲ್ಲಿ 10-12 ಸಾಲು. ‘ಹ್ಯಾಮ್ಲೆಟ್’ ಬಗ್ಗೆ ಹಲವರಿಗೆ ಗೊತ್ತಿದ್ದುದು ಒಂದು ಪುಟದ ಸಾರಾಂಶ. ಅದರ ಜೊತೆಗೆ ಯಾರಿಗೂ ನೋವಾಗಬಾರದೆಂದು ಒಂದೊಂದು ಗುಂಪಿಗಾಗಿ ಒಂದೊಂದು ಪುಟ ಹೋಯಿತು. ಇದು ಸರ್ಕಾರದಿಂದ ಕೆಳಗಿಳಿದು ಬಂದದ್ದಲ್ಲ ಎಂದು ಬೀಟಿ ಬಾಯಿಬಿಟ್ಟೇ ಹೇಳುತ್ತಾನೆ. ಜನ ಬಿಟ್ಟುಬಿಟ್ಟ ಮೇಲೆ ಅಗ್ನಿಶಾಮಕರ ಕೈಗೆ ಸೀಮೆಎಣ್ಣೆ ಬಂತು. ಆಗಲೂ ಕಾಮಿಕ್ಸು, ವ್ಯಾಪಾರದ ಪತ್ರಿಕೆಗಳು ಉಳಿದವು. ಆ ಲೋಕಕ್ಕೆ ಅಕ್ಷರ ಬರುತ್ತದೆ, ಪುಸ್ತಕ ಬರುವುದಿಲ್ಲ.

ಅವಳಿಗೆ ಇದನ್ನೂ ತಿಳಿಸಿ: ಈ ಕಾದಂಬರಿಯನ್ನೇ ಕತ್ತರಿಸಲಾಯಿತು. 1967ರ ಶಾಲಾ ಆವೃತ್ತಿಯಲ್ಲಿ ಪ್ರಕಾಶಕರ ಕಡೆಯವರೇ ಸುಮಾರು 75 ಕಡೆ ಕೈಯಾಡಿಸಿದ್ದರು. ವಿದ್ಯಾರ್ಥಿಗಳ ಪತ್ರಗಳಿಂದ ಲೇಖಕರಿಗೆ ಗೊತ್ತಾಗಿ, ಮೂಲಪಾಠ ಮತ್ತೆ ಅಚ್ಚಾಯಿತು.

ಪ್ರಶ್ನೆ: ಅದೇ ಕಾದಂಬರಿಯ ಕೊನೆಯಲ್ಲಿ ಒಬ್ಬೊಬ್ಬರು ಒಂದೊಂದು ಪುಸ್ತಕ ಬಾಯಿಪಾಠ ಮಾಡಿ ಉಳಿಸುತ್ತಾರೆ. ಅದು ಆಗುವ ಮಾತೇ? (ಗದಗ)

ಪದ್ಯವಾದರೆ ಆಗುತ್ತದೆ, ಗದ್ಯವಾದರೆ ಬಹಳ ಕಷ್ಟ. ಬ್ರಾಡ್‌ಬರಿಯೂ ಇದನ್ನು ಬಲ್ಲರು; ಒಮ್ಮೆ ಓದಿದ್ದನ್ನೆಲ್ಲ ನೆನಪಿಗೆ ತರುವ ಹೊಸ ವಿಧಾನವೊಂದನ್ನು ಆ ಗುಂಪು ಕಂಡುಕೊಂಡಿದೆ ಎಂದು ಕಾದಂಬರಿಯಲ್ಲೇ ಹೇಳಿಸಿ ದಾಟಿಕೊಳ್ಳುತ್ತಾರೆ.

ಪದ್ಯ ಯಾಕೆ ಉಳಿಯುತ್ತದೆ ಎಂಬುದನ್ನು ಗದುಗಿನ ಭಾರತದ ಮೊದಲ ಸಾಲುಗಳಲ್ಲೇ ನೋಡಬಹುದು: ‘ಶ್ರೀವನಿತೆಯರಸನೆ ವಿಮಲರಾ / ಜೀವಪೀಠನ ಪಿತನೆ ಜಗಕತಿ / ಪಾವನನೆ...’ ಭಾಮಿನಿ ಷಟ್ಪದಿಯ 1, 2, 4, 5ನೇ ಸಾಲುಗಳಲ್ಲಿ ಮೂರು-ನಾಲ್ಕು-ಮೂರು-ನಾಲ್ಕರಂತೆ 14 ಮಾತ್ರೆ, 3 ಮತ್ತು 6ರಲ್ಲಿ 23, ಒಟ್ಟು 102. ಒಂದು ಪದ ಬಾಯಿ ತಪ್ಪಿದರೆ ಎಣಿಕೆ ಮುರಿಯುತ್ತದೆ. ‘ಪಿತನೆ’ ಬದಲು ‘ಅಪ್ಪನೆ’ ಎಂದರೆ ಒಂದು ಮಾತ್ರೆ ಹೆಚ್ಚಾಗಿ ಹಾಡುವವರಿಗೇ ಎಡವಿದಂತಾಗುತ್ತದೆ. ‘ರಾಜೀವ’ದ ಬದಲು ಅದೇ ಅರ್ಥದ ‘ಸರೋಜ’ ಹಾಕಲು ಬರುವುದಿಲ್ಲ: ಮಾತ್ರೆ ಕಡಿಮೆ, ಜೊತೆಗೆ ಪ್ರತಿ ಸಾಲಿನ ಎರಡನೇ ಅಕ್ಷರ ‘ವ’ ಆಗಲೇಬೇಕೆಂಬ ಪ್ರಾಸ ತಡೆಯುತ್ತದೆ. ಆದರೂ ಈ ಕಾವಲಿಗೆ ಒಂದು ಬಿರುಕಿದೆ. ‘ಪಿತನೆ’ ಜಾಗದಲ್ಲಿ ‘ತಂದೆ’ ಕೂತರೆ ಮೂರಕ್ಕೆ ಮೂರು ಮಾತ್ರೆ ಸರಿಹೋಗಿ ಯಾರಿಗೂ ತಿಳಿಯದು. ಅದಕ್ಕೇ ಒಬ್ಬರ ನೆನಪು ಸಾಲದು, ಕನಿಷ್ಠ ಮೂವರಾದರೂ ಬೇರೆ ಬೇರೆ ಕಲಿತು ತಾಳೆ ನೋಡಬೇಕು.

ವೇದಪಾಠದವರು ಇದೇ ತೊಂದರೆಗೆ ಪದಪಾಠ, ಕ್ರಮಪಾಠ, ಜಟೆ, ಘನ ಎಂದು ಪದಗಳನ್ನು ಹಿಂದುಮುಂದು ಹೆಣೆದು ಹೇಳುವ ಏರ್ಪಾಡು ಮಾಡಿಕೊಂಡರು. ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರ ದಾರಿ ಬೇರೆ. ಅಲ್ಲಿ ಕತೆ ಉಳಿಯುತ್ತದೆ, ಮಾತು ಪ್ರತಿ ರಾತ್ರಿ ಹೊಸದಾಗಿ ಹುಟ್ಟುತ್ತದೆ. ಎರಡೂ ನೆನಪೇ, ಉಳಿಸುವ ವಸ್ತು ಬೇರೆ.

ಪ್ರಾಸ ಪದವನ್ನು ಕಾಯುತ್ತದೆ ಎಂಬುದಕ್ಕೆ ಆರ್ವೆಲ್‌ರಲ್ಲೂ ಮನಸ್ಸು ಕಲಕುವ ಒಂದು ಸಾಕ್ಷಿ ಇದೆ. ಆಂಪಲ್‌ಫೋರ್ತ್ ಎಂಬ ಕವಿ ಹಳೆಯ ಪದ್ಯಗಳನ್ನು ಪಕ್ಷಕ್ಕೆ ಬೇಕಾದಂತೆ ತಿದ್ದುವವನು. ಕಿಪ್ಲಿಂಗ್ ಪದ್ಯವೊಂದರ ಸಾಲಿನ ತುದಿಯಲ್ಲಿ ‘ಗಾಡ್’ ಎಂಬ ಪದವನ್ನು ಹಾಗೇ ಬಿಟ್ಟದ್ದಕ್ಕೆ ಸೆರೆಮನೆ ಸೇರುತ್ತಾನೆ. ಅಲ್ಲಿ ಅವನು ಹೇಳಿಕೊಳ್ಳುವುದು ಇಷ್ಟು: ಪ್ರಾಸದ ಪದ ‘ರಾಡ್’ ಆಗಿತ್ತು, ಇಡೀ ಭಾಷೆಯಲ್ಲಿ ಅದಕ್ಕೆ ಹೊಂದುವ ಪದಗಳು ಹನ್ನೆರಡೇ.

ಪ್ರಶ್ನೆ: ಆಟ್‌ವುಡ್ ಅವರ ‘ದ ಹ್ಯಾಂಡ್‌ಮೇಡ್ಸ್ ಟೇಲ್’ನಲ್ಲಿ ಭಾಷೆ ಕೆಡುವುದಿಲ್ಲವಲ್ಲ, ಅದೂ ಈ ಸಾಲಿಗೆ ಸೇರುತ್ತದೆಯೇ? (ದಾವಣಗೆರೆ)

ಸೇರುತ್ತದೆ. 1985ರ ಈ ಕಾದಂಬರಿಯಲ್ಲಿ ಆಳುವವರು ಭಾಷೆಯನ್ನು ಮುಟ್ಟುವುದಿಲ್ಲ, ಹೆಂಗಸರ ಕಣ್ಣಿನಿಂದ ಬರಹವನ್ನು ಕಿತ್ತುಕೊಳ್ಳುತ್ತಾರೆ. ಅಂಗಡಿಯ ಬೋರ್ಡುಗಳಲ್ಲಿ ಅಕ್ಷರ ಅಳಿಸಿ ಚಿತ್ರ ಮಾತ್ರ ಉಳಿಸಿದ್ದಾರೆ: ಒಂದರ ಮೇಲೆ ಮೂರು ಮೊಟ್ಟೆ, ಒಂದು ಜೇನುಹುಳ, ಒಂದು ಹಸು. ಸಾಮಾನು ತರಲು ಕೊಡುವ ಚೀಟಿಯ ಮೇಲೂ ಚಿತ್ರವೇ. ಬೈಬಲ್ಲನ್ನು ಬೀಗ ಹಾಕಿಟ್ಟು ಮನೆಯ ಯಜಮಾನ ಓದುತ್ತಾನೆ, ಹೆಂಗಸರು ಕೇಳುತ್ತಾರೆ. ನಿರೂಪಕಿಯ ಕೋಣೆಯಲ್ಲಿ ಓದಲು ಸಿಗುವುದು ಒಂದು ದಿಂಬಿನ ಮೇಲೆ ಹೆಣೆದ ‘ಫೇತ್’ ಎಂಬ ಒಂದೇ ಪದ. ಅದನ್ನು ಕಣ್ಣಿಂದ ಸವರುತ್ತಾ ಕೂರುತ್ತಾಳೆ. ಹೀಗಾಗಿ ಯಜಮಾನ ಗುಟ್ಟಾಗಿ ಕರೆದು ಸ್ಕ್ರ್ಯಾಬಲ್ ಆಡಿಸಿದಾಗ ‘ಲ್ಯಾರಿಂಕ್ಸ್’, ‘ಝೈಗೋಟ್’ ಎಂಬ ಪದಗಳನ್ನು ಜೋಡಿಸುವುದೇ ಅವಳಿಗೆ ಹಬ್ಬವಾಗುತ್ತದೆ. ಕಸಿದುಕೊಂಡ ಬರಹದ ಬೆಲೆ ತೋರಿಸಲು ಆ ಅಧ್ಯಾಯಕ್ಕಿಂತ ಒಳ್ಳೆಯದು ನಮಗೆ ಗೊತ್ತಿಲ್ಲ.

ಪ್ರಶ್ನೆ: ರಸೆಲ್ ಹೋಬನ್ ಅವರ ‘ರಿಡ್ಲಿ ವಾಕರ್’ ಎರಡು ಸಲ ಕೈಗೆತ್ತಿಕೊಂಡು ಬಿಟ್ಟೆ. ಕಾಗುಣಿತವೇ ಅರ್ಥವಾಗುವುದಿಲ್ಲ. ಓದುವ ದಾರಿ ಹೇಳಿ. ಕನ್ನಡದಲ್ಲಿ ಅಂಥ ಪ್ರಯೋಗ ಮಾಡಬಹುದೇ? (ಬೆಂಗಳೂರು)

ಬಾಯಿಬಿಟ್ಟು ಓದಿ, ಅದೇ ದಾರಿ. 1980ರ ಈ ಕಾದಂಬರಿ ನಡೆಯುವುದು ಅಣುಯುದ್ಧವಾಗಿ ಎರಡು ಸಾವಿರಕ್ಕೂ ಹೆಚ್ಚು ವರ್ಷಗಳಾದ ಮೇಲೆ, ಇಂಗ್ಲೆಂಡಿನ ಕೆಂಟ್ ಸೀಮೆಯಲ್ಲಿ. ಹನ್ನೆರಡು ತುಂಬಿದ ಹುಡುಗ ತನಗೆ ಬಂದ ಕಾಗುಣಿತದಲ್ಲಿ ಬರೆಯುತ್ತಾನೆ. ಕಣ್ಣಿಗೆ ಅಡ್ಡಬರುವ ಪದ ಕಿವಿಗೆ ಬಿದ್ದೊಡನೆ ಬಿಚ್ಚಿಕೊಳ್ಳುತ್ತದೆ. ಮೊದಲ ಹದಿನೈದು ಪುಟ ಅರ್ಧ ವೇಗದಲ್ಲಿ ಹೋಗಿ, ಹಿಂದಕ್ಕೆ ತಿರುಗಬೇಡಿ. ಅಂತರ್ಜಾಲದ ಪದಕೋಶ ಮೊದಲೇ ತೆರೆಯಬೇಡಿ. ಊರು ಮತ್ತು ಹುದ್ದೆಗಳ ಹೆಸರುಗಳಿಗೆ ನಿಮ್ಮದೇ ಪಟ್ಟಿ ಮಾಡುತ್ತಾ ಹೋಗಿ. ಡೋವರ್ ‘ಡೂ ಇಟ್ ಓವರ್’ ಆಗಿದೆ, ಫೋಕ್‌ಸ್ಟನ್ ‘ಫೋರ್ಕ್ ಸ್ಟೋನ್’ ಆಗಿದೆ. ಪ್ರೈಮ್ ಮಿನಿಸ್ಟರ್ ‘ಪ್ರೈ ಮಿನ್ಸರ್’ ಆಗಿದ್ದಾನೆ, ಇಣುಕಿ ಕೊಚ್ಚುವವನು. ಆಟಂ ಮತ್ತು ಆದಂ ಒಂದಾಗಿ, ಅಣು ಒಡೆದ ಕತೆ ಹೊಳೆಯುವ ಪುಟ್ಟ ಮನುಷ್ಯನನ್ನು ಎರಡಾಗಿ ಸೀಳಿದ ಪುರಾಣವಾಗಿದೆ. ಹಳೆಯ ಕಾಲದ ಒಂದು ಸಾಮಾನ್ಯ ವಿವರಣೆ, ಕ್ಯಾಂಟರ್ಬರಿ ಚರ್ಚಿನ ಸಂತ ಯೂಸ್ಟಸ್ ಚಿತ್ರದ್ದು, ಸಿಕ್ಕಾಗ ಅವರ ನಾಯಕ ಅದನ್ನು ಸಿಡಿಮದ್ದು ತಯಾರಿಸುವ ಗುಪ್ತಸೂತ್ರವೆಂದು ಬಿಡಿಸುತ್ತಾನೆ. ಓದು ಬಂದರೂ ಅರ್ಥದ ಲೋಕವೇ ಮುಳುಗಿಹೋದರೆ ಹೀಗಾಗುತ್ತದೆ.

ಹೆಸರು ಸವೆದಾಗ ಜನ ಅದಕ್ಕೊಂದು ಕತೆ ಕಟ್ಟುವುದು ನಮ್ಮಲ್ಲೂ ಇದೆ. ಬೆಂದಕಾಳಿನಿಂದ ಬೆಂಗಳೂರು ಬಂತು ಎಂಬ ಹೊಯ್ಸಳ ಬಲ್ಲಾಳನ ಕತೆ ಎಲ್ಲರಿಗೂ ಗೊತ್ತು. ಆದರೆ ಬೇಗೂರಿನ ಸುಮಾರು ಕ್ರಿ.ಶ. 890ರ ವೀರಗಲ್ಲಿನಲ್ಲೇ ಬೆಂಗಳೂರಿನ ಹೆಸರಿದೆ.

ಕನ್ನಡದಲ್ಲಿ ಪ್ರಯೋಗ ಮಾಡಬಹುದು, ಎರಡು ಗುಂಡಿಗಳಿವೆ. ಇಂಗ್ಲಿಷಿನ ಕಾಗುಣಿತಕ್ಕೂ ಉಚ್ಚಾರಕ್ಕೂ ದೂರ ಹೆಚ್ಚು, ಕೆಡಿಸಲು ಜಾಗ ಉಂಟು. ಕನ್ನಡದಲ್ಲಿ ಆ ದೂರ ಕಡಿಮೆ. ಮಹಾಪ್ರಾಣ ಬಿಟ್ಟು ‘ಬಾಶೆ’ ಎಂದು ಬರೆದರೆ ಅದು ನಾಗರಿಕತೆ ಕುಸಿದ ಗುರುತಾಗಿ ಓದಿಸಿಕೊಳ್ಳದು. ಭಾಷಾವಿಜ್ಞಾನಿ ಡಿ. ಎನ್. ಶಂಕರ ಬಟ್ ಅವರು ಬರಹ ಸರಿಪಡಿಸಬೇಕೆಂದು ವಾದಿಸಿ ಮಹಾಪ್ರಾಣಗಳಿಲ್ಲದೆ ಪುಸ್ತಕಗಳನ್ನೇ ಬರೆದಿದ್ದಾರೆ. ನಿಮ್ಮ ಕತೆ ಆ ಚರ್ಚೆಯ ಒಂದು ಪಕ್ಷದಂತೆ ಕಾಣುತ್ತದೆ. ಎರಡನೆಯ ಗುಂಡಿ ಇನ್ನೂ ಆಳ. ‘ಹ’ಕಾರ ಬಿಟ್ಟು ‘ಆಲು’, ‘ಅಳ್ಳಿ’ ಎಂದು ಬರೆದರೆ ಇಂದು ಬದುಕಿರುವ ಜನರ ಆಡುಮಾತನ್ನೇ ಅವನತಿ ಎಂದಂತಾಗುತ್ತದೆ. ಅದು ತಪ್ಪು ಮಾತ್ರವಲ್ಲ, ಅನ್ಯಾಯ. ಶಬ್ದ ಬದಲಾಗುವುದು ಕೆಡುವುದಲ್ಲ. ‘ಪಾಲು’ ‘ಹಾಲು’ ಆಯಿತು, ‘ಮೞೆ’ ‘ಮಳೆ’ ಆಯಿತು, ಕನ್ನಡಕ್ಕೆ ಏನೂ ಕೊರತೆಯಾಗಲಿಲ್ಲ.

ಹಾಗಾದರೆ ಸಾಮಗ್ರಿ ಎಲ್ಲಿದೆ? 13ನೇ ಶತಮಾನದ ಕೇಶಿರಾಜನಲ್ಲಿ. ‘ಶಬ್ದಮಣಿದರ್ಪಣ’ದ ಅಪಭ್ರಂಶ ಪ್ರಕರಣ ಸಂಸ್ಕೃತದ ಪದ ಕನ್ನಡದ ಬಾಯಲ್ಲಿ ಹೇಗೆ ಸವೆಯುತ್ತದೆ ಎಂಬುದನ್ನು ಸೂತ್ರವಾಗಿ ಕೊಡುತ್ತದೆ: ‘ಯ’ ‘ಜ’ ಆಗುತ್ತದೆ, ‘ವ’ ‘ಬ’ ಆಗುತ್ತದೆ, ‘ಶ’, ‘ಷ’ಗಳು ‘ಸ’ ಆಗುತ್ತವೆ, ಒತ್ತಕ್ಷರ ಬಿಡಿಯಾಗುತ್ತದೆ. ಪದದ ಜೊತೆ ಅರ್ಥವೂ ಸರಿಯುವುದು ಇಲ್ಲಿನ ಸೊಗಸು. ‘ಯಾತ್ರೆ’ ಸವೆದು ‘ಜಾತ್ರೆ’. ‘ಆಜ್ಞೆ’ ಸವೆದು ‘ಆಣೆ’. ‘ವಿಜ್ಞಾನ’ ಸವೆದು ‘ಬಿನ್ನಾಣ’! ಅರಿವಿನ ಪದ ಜಾಣ್ಮೆಯಾಗಿ, ಆಮೇಲೆ ಒಯ್ಯಾರವಾಗಿ ನಿಂತಿತು. ಈ ಸೂತ್ರಗಳನ್ನು ಇಂದಿನ ಪದಗಳಿಗೆ ಹಚ್ಚಿ ನೋಡಿ. ‘ಸರ್ವರ್ ಡೌನ್’ ಎಂಬುದು ‘ಸರುವರ’ ಆಗಿ, ಎಲ್ಲರ ದೇವರೊಬ್ಬ ಮಲಗಿದ್ದಾನೆ, ಎದ್ದ ದಿನ ಎಲ್ಲರಿಗೂ ಚೀಟಿ ಸಿಗುತ್ತದೆ ಎಂಬ ಪುರಾಣವಾಗಬಹುದು. ‘ಅಕ್ಷರ’ ಸವೆದ ‘ಅಕ್ಕರ’ ಹಳಗನ್ನಡದಲ್ಲೇ ಇದೆ. ಓದು ಮರೆತ ಜನ ಅದನ್ನು ‘ಅಕ್ಕರೆ’ಯ ಜೊತೆ ಸೇರಿಸಿ, ಹಿಂದಿನವರು ಮಕ್ಕಳಿಗೆ ಕಲ್ಲಿನ ಮೇಲೆ ಅಕ್ಕರೆ ಕೆತ್ತಿ ಕೊಡುತ್ತಿದ್ದರು ಎಂದುಕೊಳ್ಳಬಹುದು.

ನಿಯಮ ಐದಾರು ಸಾಕು. ಅವನ್ನು ಕಾಗದದ ಮೇಲೆ ಬರೆದಿಟ್ಟು ಕರಡಿನ ಪ್ರತಿ ಪುಟಕ್ಕೂ ಬಿಡದೆ ಹಚ್ಚಿ. ಒಂದೇ ಪದ 3ನೇ ಪುಟದಲ್ಲಿ ಒಂದು ರೀತಿ, 30ನೇ ಪುಟದಲ್ಲಿ ಇನ್ನೊಂದು ರೀತಿ ಇದ್ದರೆ ಓದುಗರು ಅದನ್ನು ಅಚ್ಚಿನ ತಪ್ಪು ಎಂದುಕೊಳ್ಳುತ್ತಾರೆ.

ಪ್ರಶ್ನೆ: ಮಕ್ಕಳು ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವುದೂ ನ್ಯೂಸ್ಪೀಕ್ ಅಲ್ಲವೇ? (ತುಮಕೂರು)

ಅಲ್ಲ. ನ್ಯೂಸ್ಪೀಕ್ ಮೇಲಿನವರು ಹೇರಿದ ಪಟ್ಟಿ. ಇದು ಮಕ್ಕಳು ತಮ್ಮ ಅನುಕೂಲಕ್ಕೆ ಮಾಡಿಕೊಂಡದ್ದು, ಅದರಲ್ಲಿ ಪದ ಹುಟ್ಟುವುದೇ ಹೆಚ್ಚು. ನಷ್ಟ ಬೇರೆ ಕಡೆ ಇದೆ. ಆ ಬರಹದಲ್ಲಿ ಬೆಲೆ, ಬೆಳೆ, ಬೇಳೆ ಮೂರೂ ಒಂದೇ ಆಗಿಬಿಡುತ್ತವೆ. ಬೈಯುವುದರ ಬದಲು ಅವರ ಫೋನಿನಲ್ಲಿ ಕನ್ನಡ ಕೀಬೋರ್ಡ್ ಹಾಕಿಕೊಡಿ. ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡುವಂಥವೂ ಇವೆ.

ಪ್ರಶ್ನೆ: ‘ನೈನ್‌ಟೀನ್ ಎಯ್ಟಿ ಫೋರ್’ನ ಅನುಬಂಧ ಬಿಟ್ಟು ಓದಿದರೆ ಏನಾದರೂ ತಪ್ಪಿಹೋಗುತ್ತದೆಯೇ? (ಕಲಬುರಗಿ)

ದೊಡ್ಡದೊಂದು ತಪ್ಪಿಹೋಗುತ್ತದೆ. ಅಮೆರಿಕದ ಪುಸ್ತಕ ಕ್ಲಬ್ಬೊಂದು ಅನುಬಂಧವನ್ನೂ, ನಡುವೆ ಬರುವ, ಪಕ್ಷದ ವೈರಿ ಎನಿಸಿದ ಗೋಲ್ಡ್‌ಸ್ಟೈನ್ ಗ್ರಂಥದ ಭಾಗವನ್ನೂ ತೆಗೆಯಲು ಕೇಳಿದಾಗ, ದೊಡ್ಡ ಮೊತ್ತ ಕೈತಪ್ಪುವ ಸಾಧ್ಯತೆ ಇದ್ದರೂ ಆರ್ವೆಲ್ ಒಪ್ಪಲಿಲ್ಲ. ಕೊನೆಗೆ ಕ್ಲಬ್ಬೇ ಮಣಿಯಿತು. ಅನುಬಂಧ ಪೂರ್ತಿ ಭೂತಕಾಲದಲ್ಲಿದೆ, ಅದೂ ನ್ಯೂಸ್ಪೀಕಿನಲ್ಲಿ ಇಲ್ಲ, ಅಚ್ಚುಕಟ್ಟಾದ ಹಳೆಯ ಇಂಗ್ಲಿಷಿನಲ್ಲಿದೆ. 2050 ಎಂಬುದು ಅಲ್ಲಿ ಹಿಂದೊಮ್ಮೆ ಹಾಕಿಕೊಂಡಿದ್ದ ಗುರಿಯಾಗಿ ಬರುತ್ತದೆ. ಅಂದರೆ ಪಕ್ಷ ಬಿದ್ದುಹೋದ ಮೇಲೆ ಯಾರೋ ಕೂತು ಇದನ್ನು ಬರೆದಿದ್ದಾರೆ ಎಂದು ಓದುವವರಿದ್ದಾರೆ. ಆಟ್‌ವುಡ್ ಅವರಲ್ಲಿ ಒಬ್ಬರು. ಅದು ಬರೀ ನಿರೂಪಣೆಯ ರೂಢಿ ಎನ್ನುವವರೂ ಇದ್ದಾರೆ. ನಮಗೆ ಮೊದಲನೆಯದೇ ಸರಿ ಎನಿಸುತ್ತದೆ, ಕಾರಣ ಒಂದು ಅಡಿಟಿಪ್ಪಣಿ. ಮೊದಲ ಅಧ್ಯಾಯದಲ್ಲಿ ‘ನ್ಯೂಸ್ಪೀಕ್’ ಎಂಬ ಪದ ಮೊದಲ ಸಲ ಬಂದಾಗ ಪುಟದ ಕೆಳಗೆ ನೋಡಿ: ನ್ಯೂಸ್ಪೀಕ್ ಓಷಿಯಾನಿಯಾದ ಅಧಿಕೃತ ಭಾಷೆಯಾಗಿತ್ತು, ವಿವರಕ್ಕೆ ಅನುಬಂಧ ನೋಡಿ ಎಂದಿದೆ. ‘ಆಗಿತ್ತು’ ಎಂಬಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಂಡು ಮುಂದಕ್ಕೆ ಓದಿ.